ಹೋಬಳಿಗೊಂದು ಶಾಲೆ: ಬಿ.ಎಲ್. ರೈಸ್ ಮತ್ತು ನಮ್ಮ ಶಾಲೆಯ ವಿಳಾಸ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಬೇಕೆಂದು ಗುರುಗಳು ಸೂಚಿಸಿದರು. ಬಿ.ಇ. ಓದಿ ಸಾಫ್ಟ್‌ವೇರ್ ಕಂಪನಿ ಸೇರಿದವನು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುತ್ತಾನೆಂದು ಅವರು ಎಣಿಸಿರಬಹುದು. ನಾನು ಆರಿಸಿಕೊಂಡದ್ದು ಬೆಂಜಮಿನ್ ಲೂಯಿಸ್ ರೈಸ್ ಅವರನ್ನು. ಶಾಸನಗಳನ್ನು ಸಂಗ್ರಹಿಸಿದ ಇಂಗ್ಲಿಷರವರು ಎಂದು ಸಮಾಜ ವಿಜ್ಞಾನದ ತರಗತಿಯಲ್ಲಿ ಒಂದಂಕದ ಪ್ರಶ್ನೆಗೆ ಉತ್ತರವಾಗಿ ಅವರ ಹೆಸರನ್ನು ನಾವೆಲ್ಲ ಬರೆದಿದ್ದೇವೆ. ಆದರೆ ನಮ್ಮಂಥ ಹಳ್ಳಿಕಡೆಯ ಸರ್ಕಾರಿ ಶಾಲೆಗೂ ಅವರಿಗೂ ಇರುವ ನಂಟು ಶಾಸನಗಳಿಗಿಂತ ಹಳೆಯದು. ಅದನ್ನು ಹೇಳಲು ಮೊದಲು ನಮ್ಮ ಶಾಲೆಯ ವಿಳಾಸದಿಂದಲೇ ಶುರು ಮಾಡಬೇಕು.

ನಮ್ಮದು ಬೆಂಗಳೂರು ಪೂರ್ವ ತಾಲ್ಲೂಕು, ಕೃಷ್ಣರಾಜಪುರ ಹೋಬಳಿ. ಆದರೆ ಶಿಕ್ಷಣ ಇಲಾಖೆಯ ಕಾಗದಪತ್ರದಲ್ಲಿ ನಾವು ಬೆಂಗಳೂರು ದಕ್ಷಿಣ ಶೈಕ್ಷಣಿಕ ಜಿಲ್ಲೆಯ ದಕ್ಷಿಣ ವಲಯ 4ಕ್ಕೆ ಸೇರಿದವರು. ಸೂರ್ಯ ಹುಟ್ಟುವ ದಿಕ್ಕಿನಲ್ಲಿದ್ದುಕೊಂಡು ದಕ್ಷಿಣದವರಾದದ್ದು ಹೇಗೆ ಎಂದು ಈಗಲೂ ಮಕ್ಕಳು ಕೇಳುತ್ತಾರೆ. ಬೆಂಗಳೂರು ನಗರದ ಶಾಲೆಗಳನ್ನು ಇಲಾಖೆಯವರು ಉತ್ತರ, ದಕ್ಷಿಣ ಎಂದು ಎರಡೇ ಪಾಲು ಮಾಡಿದ್ದಾರೆ. ಪೂರ್ವ, ಪಶ್ಚಿಮದವರು ಈ ಎರಡರಲ್ಲಿ ಎಲ್ಲಾದರೂ ಸೇರಲೇಬೇಕು. ಪ್ರತಿ ಶೈಕ್ಷಣಿಕ ಜಿಲ್ಲೆಗೆ ಒಬ್ಬರು ಉಪನಿರ್ದೇಶಕರು, ಪ್ರತಿ ವಲಯಕ್ಕೆ ಒಬ್ಬರು ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ಕೆಳಗೆ ಕ್ಲಸ್ಟರ್‌ಗಳು, ಕೊನೆಗೆ ಶಾಲೆ ಮತ್ತು ಅದರ ಎಸ್‌ಡಿಎಂಸಿ. 2007ರಲ್ಲಿ ಕೆ.ಆರ್. ಪುರ ನಗರಸಭೆ ಬಿಬಿಎಂಪಿಯೊಳಗೆ ಸೇರಿಹೋಯಿತು. ನಮ್ಮ ರಸ್ತೆ, ಚರಂಡಿ, ಕಸ ಎಲ್ಲ ಪಾಲಿಕೆಗೆ ಹೋದರೂ ಶಾಲೆ ಮಾತ್ರ ಶಿಕ್ಷಣ ಇಲಾಖೆಯಲ್ಲೇ ಉಳಿಯಿತು. ಅದೇ ದಂಡು ಪ್ರದೇಶದ ಕ್ಲೀವ್‌ಲ್ಯಾಂಡ್ ಟೌನ್, ಆಸ್ಟಿನ್ ಟೌನ್‌ಗಳಲ್ಲಿ ಪಾಲಿಕೆಯೇ ನಡೆಸುವ ಶಾಲೆಗಳೂ ಇವೆ. ಒಂದೇ ಊರಿನಲ್ಲಿ ಹೀಗೆ ಎರಡು ಬಗೆ ಏಕೆ ಎಂದು ಹುಡುಕುತ್ತ ಹೋದವನು ನಾನು ರೈಸ್ ಅವರ ಬಾಗಿಲಿಗೆ ಬಂದು ನಿಂತೆ.

ರೈಸ್ ಹುಟ್ಟಿದ್ದು 1837ರ ಜುಲೈನಲ್ಲಿ, ಇದೇ ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು, ಕನ್ನಡ ಚೆನ್ನಾಗಿ ಬಲ್ಲವರು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚಿಗೆ ಅವರದೇ ಹೆಸರು. ತಾಯಿ ಜೇನ್ ಅವರು ಪೇಟೆಯಲ್ಲಿ ಹೆಣ್ಣುಮಕ್ಕಳ ಕನ್ನಡ ಶಾಲೆ ಆರಂಭಿಸಿದವರಲ್ಲಿ ಒಬ್ಬರು. ಹೆಣ್ಣುಮಕ್ಕಳು ಓದುವುದೆಂದರೆ ಜನ ಬೆರಗುಪಡುತ್ತಿದ್ದ 1840ರ ದಶಕದ ಮಾತಿದು. ತಮ್ಮ ಎಡ್ವರ್ಡ್ ಪೀಟರ್ ರೈಸ್ ಮುಂದೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಹೀಗೆ ಮನೆಯೇ ಒಂದು ಶಾಲೆ, ಮನೆಯ ತುಂಬ ಕನ್ನಡ.

ಓದಿಗೆಂದು ಇಂಗ್ಲೆಂಡಿಗೆ ಹೋದ ರೈಸ್ 1860ರಲ್ಲಿ ಮರಳಿ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಆಗ ಅವರಿಗೆ ಇಪ್ಪತ್ಮೂರು ವರ್ಷ. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಇಲ್ಲಿ ವಿದ್ಯಾ ಇಲಾಖೆ ಹುಟ್ಟಿದ್ದೇ 1857ರಲ್ಲಿ. ಅದರ ಮೊದಲ ಮುಖ್ಯಸ್ಥರು ಜಾನ್ ಗ್ಯಾರೆಟ್. ರೈಸ್ ಮದುವೆಯಾದದ್ದು ಈ ಗ್ಯಾರೆಟ್ ಅವರ ಮಗಳು ಮೇರಿಯನ್ನು.

1865ರಲ್ಲಿ ರೈಸ್ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಅವರ ಜೀವನ ಅಲ್ಲಿಂದ ಬೇರೆಯೇ ದಾರಿ ಹಿಡಿಯಿತು. ಇನ್‌ಸ್ಪೆಕ್ಟರ್ ಎಂದರೆ ಕುರ್ಚಿಯ ಕೆಲಸವಲ್ಲ. ಕುದುರೆ ಏರಿ ಊರೂರು ಸುತ್ತಬೇಕು, ಸಿಕ್ಕ ಛತ್ರದಲ್ಲೋ ಡೇರೆಯಲ್ಲೋ ತಂಗಬೇಕು. ಹೀಗೆ ಸುತ್ತುವಾಗ ಅವರಿಗೆ ಕಂಡದ್ದೇನು? ಸರ್ಕಾರದ ಹಣವೆಲ್ಲ ಪಟ್ಟಣದ ಇಂಗ್ಲಿಷ್ ಶಾಲೆಗಳಿಗೆ ಹೋಗುತ್ತಿತ್ತು. ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ: ಜಗುಲಿಯ ಮೇಲೋ ಗುಡಿಯ ಅಂಗಳದಲ್ಲೋ ಅಯ್ಯನವರು, ಮರಳಿನ ಮೇಲೆ ಅಕ್ಷರ, ಬಾಯಿಪಾಠದ ಮಗ್ಗಿ, ಸಂಬಳಕ್ಕೆ ಬದಲು ಒಂದಷ್ಟು ರಾಗಿ. ಕಂದಾಯ ಕಟ್ಟುವವರು ರೈತರು, ಅದರಿಂದ ಓದುವವರು ಪಟ್ಟಣದ ಉದ್ಯೋಗಸ್ಥರ ಮಕ್ಕಳು.

1868ರಲ್ಲಿ, ನಿರ್ದೇಶಕರ ಸ್ಥಾನದಲ್ಲಿದ್ದಾಗ, ರೈಸ್ ಒಂದು ಯೋಜನೆ ಸಿದ್ಧಪಡಿಸಿದರು. ಅದೇ ಹೋಬಳಿ ಶಾಲೆಗಳ ಯೋಜನೆ. ತಾಲ್ಲೂಕಿನ ಒಳಗೆ ಕಂದಾಯ ವಸೂಲಿಗೆಂದು ಇದ್ದ ಹೋಬಳಿ ಎಂಬ ವಿಭಾಗವನ್ನೇ ಅವರು ಶಿಕ್ಷಣಕ್ಕೆ ಹಿಡಿದರು. ಹೋಬಳಿಗೊಂದು ಕನ್ನಡ ಶಾಲೆ. ಕಟ್ಟಡ ಊರವರದು, ಮೇಷ್ಟ್ರ ಸಂಬಳ ಸರ್ಕಾರದ್ದು. ಮೇಷ್ಟ್ರನ್ನು ಹೊರಗಿನಿಂದ ತರುವ ಬದಲು ಊರಿಗೆ ಒಗ್ಗಿದವರನ್ನೇ ಹುಡುಕಿ ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಡುವುದು. ಮುಂದೆ ಭೂಕಂದಾಯದ ಜೊತೆ ಎತ್ತುತ್ತಿದ್ದ ಸ್ಥಳೀಯ ತೆರಿಗೆಯ ಒಂದು ಪಾಲೂ ಈ ಶಾಲೆಗಳಿಗೆ ಮೀಸಲಾಯಿತು.

ನನ್ನ ಕಸುಬಿನ ಕಣ್ಣಿನಿಂದ ನೋಡಿದರೆ ಈ ಯೋಜನೆಯ ಜಾಣ್ಮೆ ಎದ್ದು ಕಾಣುತ್ತದೆ. ಹೊಸದಾಗಿ ಏನನ್ನೂ ಕಟ್ಟದೆ, ಆಗಲೇ ಇದ್ದ ಹೋಬಳಿ, ಆಗಲೇ ಇದ್ದ ಮೇಷ್ಟ್ರು, ಆಗಲೇ ಇದ್ದ ತೆರಿಗೆ ಈ ಮೂರನ್ನು ಜೋಡಿಸಿದ್ದಷ್ಟೇ. ಆದರೆ ಅದಕ್ಕಿಂತ ದೊಡ್ಡದು ಅದರ ಹಿಂದಿದ್ದ ವಿಚಾರ. ಶಾಲೆ ಯಾರೋ ದಾನಿಗಳು ಕೊಟ್ಟಾಗ ಸಿಗುವ ಭಿಕ್ಷೆಯಲ್ಲ, ಊರಿಗೆ ಲೆಕ್ಕಹಾಕಿ ಸಲ್ಲಬೇಕಾದ ಪಾಲು ಎಂಬ ವಿಚಾರ. ಈಗ ಒಂದು ಕಿಲೋಮೀಟರಿನೊಳಗೆ ಕಿರಿಯ ಪ್ರಾಥಮಿಕ ಶಾಲೆ, ಮೂರು ಕಿಲೋಮೀಟರಿನೊಳಗೆ ಹಿರಿಯ ಪ್ರಾಥಮಿಕ ಶಾಲೆ ಇರಬೇಕೆನ್ನುವ ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಲ್ಲೂ ಇರುವುದು ಅದೇ ಲೆಕ್ಕ.

ಕುಂದೇ ಇರಲಿಲ್ಲವೆಂದು ಹೇಳುವುದು ಅವರಿಗೂ ನಮಗೂ ಶೋಭೆಯಲ್ಲ. ಹೋಬಳಿ ಶಾಲೆಗೆ ಬಂದವರು ಹೆಚ್ಚಿನಂಶ ಉಳ್ಳವರ ಗಂಡುಮಕ್ಕಳು. ಹೆಣ್ಣುಮಕ್ಕಳು ಬೆರಳೆಣಿಕೆ. ದಲಿತ ಮಕ್ಕಳು ಜಗುಲಿ ಹತ್ತುವಂತಿರಲಿಲ್ಲ. ಎಲ್ಲ ಸರ್ಕಾರಿ ಶಾಲೆಗಳ ಬಾಗಿಲು ಅವರಿಗೂ ತೆರೆದಿರಬೇಕೆಂಬ ಆದೇಶ ಮೈಸೂರಿನಲ್ಲಿ ಬಂದದ್ದು 1915ರ ಸುಮಾರಿಗೆ. ಆಗಲೂ ಎಷ್ಟೋ ಊರುಗಳು ಪ್ರತಿಭಟಿಸಿದವು. ನನ್ನ ತರಗತಿಯಲ್ಲಿ ಎಲ್ಲ ಕೇರಿಯ ಹುಡುಗ ಹುಡುಗಿಯರು ಒಂದೇ ಸಾಲಿನಲ್ಲಿ ಕೂತು ಊಟ ಮಾಡಿದೆವು. ಆ ಸಾಲು ರೈಸ್ ಅವರ ಯೋಜನೆಯಿಂದ ತಾನಾಗಿ ಬಂದದ್ದಲ್ಲ, ಆಮೇಲಿನವರ ಹೋರಾಟದಿಂದ ಬಂದದ್ದು.

ಇನ್ನು ದಂಡಿನ ಕಥೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗ, ಶಿವಾಜಿನಗರ, ಹಲಸೂರುಗಳನ್ನೊಳಗೊಂಡ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷರ ಕೈಯಲ್ಲೇ ಉಳಿಯಿತು. ಹಲಸೂರಿನಲ್ಲಿ ಒಂದು ಸರ್ಕಾರ, ಕೃಷ್ಣರಾಜಪುರದಲ್ಲಿ ಇನ್ನೊಂದು. ಆ ಕಡೆ ಮಿಷನ್ ಶಾಲೆಗಳು, ಧರ್ಮಸಂಸ್ಥೆಗಳ ಅನುದಾನಿತ ಶಾಲೆಗಳು, ತಮಿಳು, ಉರ್ದು, ಇಂಗ್ಲಿಷ್ ಮಾಧ್ಯಮ. ಈ ಕಡೆ ಮೈಸೂರು ಸರ್ಕಾರದ ಕನ್ನಡ ಶಾಲೆಗಳು. ದಂಡು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಮುಂಚೆ. 1949ರಲ್ಲಿ ಪೇಟೆ, ದಂಡು ಎರಡೂ ಒಂದೇ ಕಾರ್ಪೊರೇಷನ್ ಆದವು. ಆದರೆ ಆ ಅರವತ್ತಾರು ವರ್ಷದ ಗೆರೆ ಶಾಲೆಗಳ ಮೇಲೆ ಇನ್ನೂ ಅಳಿಸಿಲ್ಲ. ದಂಡಿನಲ್ಲಿ ಹಳೆಯ ಅನುದಾನಿತ ಶಾಲೆಗಳು ಸಾಲುಸಾಲಾಗಿವೆ. ಹೊರವಲಯದ ಬಡವರ ಮಕ್ಕಳಿಗೆ ಇರುವುದು ನಮ್ಮಂಥ ಸರ್ಕಾರಿ ಶಾಲೆ.

ಮತ್ತೆ ರೈಸ್ ಅವರ ವಿಷಯಕ್ಕೆ ಬರೋಣ. ಶಾಲೆ ತಪಾಸಣೆಗೆ ಹೋದ ಊರುಗಳಲ್ಲಿ ಗುಡಿಯ ಗೋಡೆ, ಕೆರೆಯ ಏರಿ, ಹೊಲದ ಬದುಗಳಲ್ಲಿ ಬರಹವಿದ್ದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದುವ ಕೆಲಸವೂ ಅವರ ಪಾಲಿಗೆ ಬಂತು. ಊರವರಿಗೇ ಓದಲು ಬಾರದ ಹಳಗನ್ನಡವನ್ನು ಪಂಡಿತರ ಜೊತೆ ಕೂತು ಬಿಡಿಸಿ, 1879ರಲ್ಲಿ ಮೈಸೂರಿನ ಶಾಸನಗಳ ಮೊದಲ ಸಂಪುಟ ತಂದರು. ಅದಕ್ಕೂ ಮುಂಚೆ ಮೈಸೂರು, ಕೊಡಗುಗಳ ಗೆಜೆಟಿಯರ್ ಬರೆದಿದ್ದರು. 1881ರ ಮೈಸೂರು ಜನಗಣತಿ ನಡೆಸಿದರು. 1882ರ ಹಂಟರ್ ಶಿಕ್ಷಣ ಆಯೋಗಕ್ಕೆ ಕಾರ್ಯದರ್ಶಿಯಾದರು. 1885ರಲ್ಲಿ ಪುರಾತತ್ವದ ಹೊಣೆ ಹೊತ್ತರು. 1890ರಿಂದ ಅದೇ ಅವರ ಪೂರ್ಣ ಕೆಲಸವಾಯಿತು.

1886ರಿಂದ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳು ಹೊರಬಂದವು, ಸುಮಾರು 9,000 ಶಾಸನಗಳು. ಜಿಲ್ಲೆಗೊಂದು ಸಂಪುಟ, ಒಳಗೆ ತಾಲ್ಲೂಕುವಾರು ಸಂಖ್ಯೆ, ಪ್ರತಿ ಶಾಸನಕ್ಕೂ ಮೂಲ ಪಾಠ, ರೋಮನ್ ಲಿಪಿ, ಇಂಗ್ಲಿಷ್ ಅನುವಾದ. ಡೇಟಾಬೇಸ್ ಎಂಬ ಮಾತೇ ಹುಟ್ಟದ ಕಾಲದಲ್ಲಿ ಒಬ್ಬರು ಅದನ್ನು ಅಚ್ಚುಮೊಳೆಯಲ್ಲಿ ಕಟ್ಟಿದರು. ಒಂಬತ್ತನೆಯ ಸಂಪುಟ ನಮ್ಮ ಬೆಂಗಳೂರು ಜಿಲ್ಲೆಯದು. ಇಂದಿರಾನಗರದ ಪಕ್ಕದ ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ತಮಿಳು ಶಾಸನಗಳು ಅದರಲ್ಲಿವೆ. ನೂರಡಿ ರಸ್ತೆಯ ಹೋಟೆಲುಗಳಿಗೆ ಹೋಗುವ ನನ್ನ ಸಹೋದ್ಯೋಗಿಗಳಿಗೆ, ಆ ನೆಲಕ್ಕೆ ಏಳೆಂಟು ನೂರು ವರ್ಷದ ದಾಖಲೆ ಇದೆಯೆಂದರೆ ನಂಬಿಕೆಯೇ ಬರುವುದಿಲ್ಲ. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದವರೂ ರೈಸ್ ಅವರೇ. ಓಲೆಗರಿಯಲ್ಲಿದ್ದ ಪಂಪನ ಕಾವ್ಯ ಮೊದಲಾದ ಹಳಗನ್ನಡ ಕೃತಿಗಳನ್ನು ಅಚ್ಚು ಹಾಕಿಸಿದರು. ಮುಂದೆ ಕನ್ನಡಿಗರು ಅವರನ್ನು ಶಾಸನ ಪಿತಾಮಹರೆಂದು ಕರೆದರು.

1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಅವರ ಜಾಗಕ್ಕೆ ಬಂದವರು ಆರ್. ನರಸಿಂಹಾಚಾರ್ಯರು. 1909ರಲ್ಲಿ ಶಾಸನಗಳ ಆಧಾರದ ಮೇಲೆ ಮೈಸೂರು, ಕೊಡಗುಗಳ ಇತಿಹಾಸ ಪ್ರಕಟಿಸಿದರು. 1927ರ ಜುಲೈನಲ್ಲಿ, ತೊಂಬತ್ತು ತುಂಬಲು ಕೆಲವೇ ದಿನಗಳಿದ್ದಾಗ, ಹ್ಯಾರೋ ಎಂಬಲ್ಲಿ ತೀರಿಕೊಂಡರು.

ಇಷ್ಟನ್ನೂ ಈ ಸಂಚಿಕೆಯಲ್ಲಿ ಬರೆದ ಕಾರಣ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಸರ್ಕಾರಿ ಶಾಲೆಗೆ ಇಂಥ ಬೀದಿಯ ಮಕ್ಕಳು ಬರಲೇಬೇಕೆಂಬ ಕಟ್ಟಳೆ ಇಲ್ಲ. ತಂದೆತಾಯಿ ನಂಬಿದರೆ ಮಗು ಬರುತ್ತದೆ, ಇಲ್ಲದಿದ್ದರೆ ಹಳದಿ ವ್ಯಾನ್ ಹತ್ತುತ್ತದೆ. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೆಚ್ಚುವರಿ ಎಂದಾಗಿ ಬೇರೆಡೆಗೆ ಹೋಗುತ್ತದೆ. ಗಣಿತದ ಮೇಷ್ಟ್ರು ಹೋದರೆ ಮರುವರ್ಷ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಈ ಸುಳಿಗೆ ಸಿಕ್ಕ ಶಾಲೆ ಮೇಲೇಳುವುದು ಕಷ್ಟ. ನಮ್ಮ ಊರಿನ ಹಳಬರ ಮಕ್ಕಳು, ನನ್ನ ಮಗಳನ್ನೂ ಸೇರಿಸಿ, ಈಗ ಖಾಸಗಿ ಶಾಲೆಗಳಲ್ಲಿದ್ದಾರೆ. ಇಲ್ಲಿ ಓದುತ್ತಿರುವವರು ಅಪಾರ್ಟ್‌ಮೆಂಟ್ ಕಟ್ಟಲು ಯಾದಗಿರಿ, ರಾಯಚೂರು, ಬಿಹಾರದಿಂದ ಬಂದವರ ಮಕ್ಕಳು. ಊರಿಗೆ ಹೊಸಬರಾದ ಮಾತ್ರಕ್ಕೆ ಶಾಲೆಗೆ ಹೊರಗಿನವರೇ? 1868ರ ಯೋಜನೆಯಲ್ಲಿ ಸರ್ಕಾರ ಸಂಬಳ ಕೊಡುತ್ತದೆ, ಊರು ಮನೆ ಕೊಡುತ್ತದೆ ಎಂದಿತ್ತು. ಸರ್ಕಾರದ ಪಾಲನ್ನು ನಾವು ಕೇಳಿ ಪಡೆಯಬೇಕು, ಸರಿ. ಊರಿನ ಪಾಲನ್ನು ಯಾರು ಕೊಡುತ್ತಾರೆ?

ಹಿರಿಯ ವಿದ್ಯಾರ್ಥಿಗಳು, ಗ್ರಾಮಸ್ಥರಲ್ಲಿ ನನ್ನ ವಿನಂತಿ ಸಣ್ಣದು. ಮಹೋತ್ಸವದ ಶಾಮಿಯಾನ ಬಿಚ್ಚಿದ ಮೇಲೆಯೂ ಎಸ್‌ಡಿಎಂಸಿ ಸಭೆಗಳು ನಡೆಯುತ್ತವೆ, ಅಲ್ಲಿಗೆ ಬನ್ನಿ. ದಾಖಲಾತಿ ಸಮಯದಲ್ಲಿ ಶಿಕ್ಷಕರು ಶೆಡ್ಡುಗಳ ಕಡೆ ಮಕ್ಕಳನ್ನು ಹುಡುಕಿಕೊಂಡು ಹೋಗುವಾಗ, ಹಿಂದಿ, ತೆಲುಗು ಬಲ್ಲವರು ಜೊತೆಗೆ ನಡೆಯಿರಿ. ನಾನು ಶನಿವಾರಗಳಂದು ಹತ್ತನೇ ತರಗತಿಯವರಿಗೆ ಗಣಿತ ಹೇಳಿಕೊಡಲು ಒಪ್ಪಿದ್ದೇನೆ. ವಿಜ್ಞಾನಕ್ಕೆ ಒಬ್ಬರು, ಇಂಗ್ಲಿಷಿಗೆ ಒಬ್ಬರು ಬೇಕಾಗಿದ್ದಾರೆ. ಹೆಸರು ಕೊಡಬೇಕಾದದ್ದು ಮುಖ್ಯ ಶಿಕ್ಷಕರ ಕೊಠಡಿಯಲ್ಲಿ.