ಕೆ. ಎಸ್. ಕೃಷ್ಣನ್

1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ರಾಮನ್ ಪರಿಣಾಮವು ಗೋಚರವಾದ ಸಂಗತಿ ಸರ್ವವಿದಿತವಾಗಿದೆ. ಆ ಸಂಶೋಧನೆಯಲ್ಲಿ ಗುರುವಿಗೆ ಹೆಗಲೆಣೆಯಾಗಿ ದುಡಿದ ಶಿಷ್ಯರೊಬ್ಬರಿದ್ದರು. ಅವರೇ ಕರಿಯಮಾಣಿಕ್ಯಂ ಶ್ರೀನಿವಾಸ ಕೃಷ್ಣನ್.

ಕೃಷ್ಣನ್ನರು 1898ರ ಡಿಸೆಂಬರ್ 4ರಂದು ತಮಿಳುನಾಡಿನ ವತ್ರಾಪ್ ಎಂಬ ಊರಿನಲ್ಲಿ ಜನಿಸಿದರು. ಮಧುರೆಯ ಅಮೆರಿಕನ್ ಕಾಲೇಜಿನಲ್ಲಿಯೂ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, ಕೆಲಕಾಲ ಅಲ್ಲಿಯೇ ರಸಾಯನಶಾಸ್ತ್ರ ವಿಭಾಗದಲ್ಲಿ ಕೆಲಸಮಾಡಿದರು. ಆದರೆ ಅವರ ಮನಸ್ಸು ಭೌತವಿಜ್ಞಾನದತ್ತ ಸೆಳೆಯುತ್ತಿತ್ತು. ಅವರು ಕಲ್ಕತ್ತೆಗೆ ತೆರಳಿ, 1923ರಲ್ಲಿ ರಾಮನ್ನರ ಬಳಿ ಸಂಶೋಧನೆಗೆ ತೊಡಗಿದರು. ಹೊಸ ಬೆಳಕಿನ ವಾರ್ತೆಯನ್ನು ಲೋಕಕ್ಕೆ ಸಾರಿದ 1928ರ ಲೇಖನದಲ್ಲಿ ಗುರುಶಿಷ್ಯರಿಬ್ಬರ ಹೆಸರೂ ಇದ್ದವು. 1930ರ ನೊಬೆಲ್ ಪಾರಿತೋಷಕವು ರಾಮನ್ನರೊಬ್ಬರಿಗೇ ಸಂದಿತು.

ದೊಡ್ಡ ಮರದ ನೆರಳಿನಲ್ಲಿ ಬೆಳೆದ ಗಿಡವು ತನ್ನ ಬಿಸಿಲನ್ನು ತಾನೇ ಅರಸಿಕೊಳ್ಳಬೇಕಾಗುತ್ತದೆ. ಕೃಷ್ಣನ್ನರು 1928ರ ಕೊನೆಯಲ್ಲಿ ಢಾಕಾ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಹರಳುಗಳ ಕಾಂತಗುಣವನ್ನು ಅಭ್ಯಸಿಸತೊಡಗಿದರು. ಅನೇಕ ಹರಳುಗಳ ಕಾಂತಗುಣವು ಎಲ್ಲ ದಿಕ್ಕುಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಈ ಸೂಕ್ಷ್ಮ ವ್ಯತ್ಯಾಸವನ್ನು ಅಳೆಯುವುದು ಹೇಗೆ? ಕೃಷ್ಣನ್ನರು ಕಂಡುಕೊಂಡ ಉಪಾಯವು ಸರಳವಾದುದು. ಪುಟ್ಟ ಹರಳೊಂದನ್ನು ಕ್ವಾರ್ಟ್ಸ್‌ನ ತೆಳುವಾದ ಎಳೆಗೆ ಕಟ್ಟಿ, ಕಾಂತಕ್ಷೇತ್ರದಲ್ಲಿ ತೂಗುಬಿಟ್ಟು, ಎಳೆಯ ಮೇಲ್ತುದಿಯನ್ನು ಮೆಲ್ಲನೆ ತಿರುಚುತ್ತ ಹೋಗುವುದು. ಕಾಂತಕ್ಷೇತ್ರದ ಹಿಡಿತದಲ್ಲಿರುವ ಹರಳು ಮೊದಲು ಸ್ವಲ್ಪಸ್ವಲ್ಪವೇ ಸರಿಯುತ್ತದೆ. ತಿರುಚು ಒಂದು ಮಿತಿಯನ್ನು ಮುಟ್ಟಿದೊಡನೆ ಥಟ್ಟನೆ ಹೊರಳಿಬಿಡುತ್ತದೆ. ಆ ಮಿತಿಯ ಕೋನದಿಂದ ವ್ಯತ್ಯಾಸವನ್ನು ಗಣಿಸಬಹುದು. ನುಸಿಗುಳಿಗೆಗಳಲ್ಲಿ ಬಳಸಲಾಗುವ ನ್ಯಾಫ್ತಲೀನಿನಂಥ ವಸ್ತುಗಳ ಹರಳಿನಲ್ಲಿ ಅಣುಗಳು ಯಾವ ಕಡೆಗೆ ಓರೆಯಾಗಿ ನಿಂತಿವೆ ಎಂಬುದನ್ನು ತಿಳಿಯಲು ಇಂಥ ಅಳತೆಗಳು ನೆರವಾದವು.

1933ರಲ್ಲಿ ಕೃಷ್ಣನ್ನರು ಪ್ರಾಧ್ಯಾಪಕರಾಗಿ ಕಲ್ಕತ್ತೆಗೆ ಮರಳಿದರು. 1940ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವು ಅವರಿಗೆ ಲಭಿಸಿತು. 1942ರಲ್ಲಿ ಅಲಹಾಬಾದ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಅವರು, 1947ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪ್ರಥಮ ನಿರ್ದೇಶಕರಾದರು. 1958ರಲ್ಲಿ ಮೊದಲ ಬಾರಿಗೆ ನೀಡಲಾದ ಭಟ್ನಾಗರ್ ಪ್ರಶಸ್ತಿಯೂ ಅವರದಾಯಿತು.

ವಿಜ್ಞಾನವೊಂದೇ ಅವರ ಪ್ರಪಂಚವಾಗಿರಲಿಲ್ಲ. ತಮಿಳು ಮತ್ತು ಸಂಸ್ಕೃತ ಸಾಹಿತ್ಯಗಳಲ್ಲಿ ಅವರಿಗೆ ಆಳವಾದ ಪರಿಚಯವಿತ್ತು. ತಾಯ್ನುಡಿಯಲ್ಲಿ ವಿಜ್ಞಾನದ ವಿಷಯಗಳನ್ನು ಕುರಿತು ಪ್ರಬಂಧಗಳನ್ನು ಬರೆದರು. ಟೆನಿಸ್ ಮತ್ತು ಕಾಲ್ಚೆಂಡಾಟಗಳೆಂದರೆ ಅವರಿಗೆ ಬಲು ಪ್ರೀತಿ.

1961ರ ಜೂನ್ 14ರಂದು ಕೃಷ್ಣನ್ನರು ನಿಧನಹೊಂದಿದರು. ಒಂದು ಮಹತ್ಕಾರ್ಯದಲ್ಲಿ ಎರಡನೆಯವರಾಗಿ ನಿಂತವರು ಮತ್ತೊಂದು ಕಾರ್ಯದಲ್ಲಿ ಮೊದಲಿಗರಾಗಬಲ್ಲರು ಎಂಬುದಕ್ಕೆ ಅವರ ಬಾಳು ನಿದರ್ಶನವಾಗಿದೆ.