ಫರ್ಡಿನಾಂಡ್ ಕಿಟ್ಟೆಲ್

ಫರ್ಡಿನಾಂಡ್ ಕಿಟ್ಟೆಲ್ (ಏಪ್ರಿಲ್ 1832 – ಡಿಸೆಂಬರ್ 1903) ಅವರು ಜರ್ಮನಿಯಿಂದ ಬಂದು ಕನ್ನಡಕ್ಕಾಗಿ ದುಡಿದ ಕ್ರೈಸ್ತ ಧರ್ಮಪ್ರಚಾರಕರು, ನಿಘಂಟುಕಾರರು ಮತ್ತು ಗ್ರಂಥಸಂಪಾದಕರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡ ಕಲಿಯುವ ವಿದೇಶೀಯರಿಗೆ ನೆರವಾಗಲೆಂದು ಆರಂಭವಾದ ಈ ಕೆಲಸದ ಫಲ, ಕಾಲಕ್ರಮದಲ್ಲಿ ಕನ್ನಡಿಗರೇ ತಮ್ಮ ನುಡಿಯ ಅರ್ಥ ಹುಡುಕುವ ಆಕರಗ್ರಂಥವಾಯಿತು.

ಬಾಲ್ಯ ಮತ್ತು ಶಿಕ್ಷಣ

ಕಿಟ್ಟೆಲ್ಲರು ಉತ್ತರ ಜರ್ಮನಿಯ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಗಾಟ್‌ಫ್ರೀಡ್ ಕ್ರಿಶ್ಚಿಯನ್ ಕಿಟ್ಟೆಲ್ ಪಾದ್ರಿಯಾಗಿದ್ದರು. ಎಳೆಯ ವಯಸ್ಸಿನಲ್ಲಿಯೇ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್ ಹಾಗೂ ಇಂಗ್ಲಿಷ್ ಭಾಷೆಗಳ ಪರಿಚಯ ಅವರಿಗಾಯಿತು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿ, ತರಬೇತಿ ಮುಗಿಸಿ 1853ರಲ್ಲಿ ಭಾರತಕ್ಕೆ ಬಂದರು.

ಕನ್ನಡ ನಾಡಿನಲ್ಲಿ

ಧಾರವಾಡ, ಹುಬ್ಬಳ್ಳಿ, ಮಂಗಳೂರು ಮತ್ತು ಮಡಿಕೇರಿ ಅವರ ಮುಖ್ಯ ಕಾರ್ಯಕ್ಷೇತ್ರಗಳಾಗಿದ್ದವು. ಧರ್ಮಪ್ರಚಾರವೇ ಅವರಿಗೆ ವಹಿಸಿದ್ದ ಕರ್ತವ್ಯವಾದರೂ ಅವರ ಒಲವು ಜನರ ನುಡಿಯನ್ನೂ ಹಳಗನ್ನಡ ಗ್ರಂಥಗಳನ್ನೂ ಅರಿಯುವತ್ತ ಹೆಚ್ಚಾಗಿ ಹರಿಯಿತು. ಈ ಕಾರಣದಿಂದ ಸಂಸ್ಥೆಯ ಹಿರಿಯರೊಡನೆ ಭಿನ್ನಾಭಿಪ್ರಾಯಗಳೂ ಉಂಟಾದವು. 1860ರ ದಶಕದಲ್ಲಿ ಪತ್ನಿ ಪೌಲೀನ್ ತೀರಿಕೊಂಡರು. ಅನಂತರ ಅವರು ಪೌಲೀನರ ಸಹೋದರಿ ಜೂಲಿಯವರನ್ನು ವಿವಾಹವಾದರು.

1862ರಲ್ಲಿ ಪ್ರಕಟವಾದ ಕಥಾಮಾಲೆಯಲ್ಲಿ ಯೇಸುವಿನ ಜೀವನವನ್ನು ಕನ್ನಡ ಪದ್ಯರೂಪದಲ್ಲಿ ಹೇಳಿದ್ದಾರೆ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು. ವ್ಯಾಕರಣ ಮತ್ತು ಛಂದಸ್ಸಿನ ಈ ವ್ಯಾಸಂಗವು ನಿಘಂಟಿನ ಕಾರ್ಯಕ್ಕೆ ಭದ್ರವಾದ ಅಡಿಪಾಯವಾಯಿತು.

ನಿಘಂಟು

ಕಿಟ್ಟೆಲ್ಲರಿಗಿಂತ ಮೊದಲೇ ವಿಲಿಯಂ ರೀವ್ ಅವರು ಇಂಗ್ಲಿಷ್-ಕನ್ನಡ (1824) ಮತ್ತು ಕನ್ನಡ-ಇಂಗ್ಲಿಷ್ (1832) ನಿಘಂಟುಗಳನ್ನು ಹೊರತಂದಿದ್ದರು. ಕಿಟ್ಟೆಲ್ಲರ ಉದ್ದೇಶ ಇನ್ನಷ್ಟು ವಿಸ್ತಾರವಾದುದು. ಇದಕ್ಕಾಗಿ ಅವರು ಸುಮಾರು ಎರಡು ದಶಕಗಳ ಕಾಲ ಶ್ರಮಿಸಿದರು. ನಡುವೆ ಜರ್ಮನಿಗೆ ಹೋಗಿದ್ದವರು ನಿಘಂಟಿನ ಕೆಲಸಕ್ಕಾಗಿಯೇ ಮತ್ತೆ ಭಾರತಕ್ಕೆ ಮರಳಿದರು. ಹಳೆಯ ಹಸ್ತಪ್ರತಿಗಳನ್ನು ಪರಿಶೀಲಿಸುವುದರ ಜೊತೆಗೆ ದೇಶೀಯ ಪಂಡಿತರ ನೆರವಿನಿಂದ ಆಡುಮಾತುಗಳನ್ನೂ ಸಂಗ್ರಹಿಸಿದರು.

ಸುಮಾರು 70,000 ಪದಗಳುಳ್ಳ ಈ ಗ್ರಂಥದಲ್ಲಿ ಕನ್ನಡ ಪದ, ಅದರ ರೋಮನ್ ಲಿಪ್ಯಂತರ ಮತ್ತು ಇಂಗ್ಲಿಷ್ ಅರ್ಥ ಕ್ರಮವಾಗಿ ಬರುತ್ತವೆ. ಒಂದು ಪದಕ್ಕೆ ಹಲವು ಅರ್ಥಗಳಿದ್ದಲ್ಲಿ ಅವುಗಳನ್ನು ಬೇರೆಬೇರೆಯಾಗಿ ಕೊಡಲಾಗಿದೆ. ಅಗತ್ಯವಿದ್ದೆಡೆ ಸಮಾನಾರ್ಥಕ ಪದಗಳು, ಕಾವ್ಯಪ್ರಯೋಗಗಳು, ಗಾದೆಗಳು ಹಾಗೂ ತಮಿಳು, ತೆಲುಗು, ಮಲಯಾಳಂ, ತುಳು ಭಾಷೆಗಳ ಜ್ಞಾತಿಪದಗಳೂ ಇವೆ. ಮೈಸೂರು ಭಾಗದ ಬಳಕೆಯನ್ನೂ ಉತ್ತರದ ಧಾರವಾಡ ಭಾಗದ ಬಳಕೆಯನ್ನೂ ಸಂಕೇತಗಳ ಮೂಲಕ ಗುರುತಿಸಿರುವುದು ಗಮನಾರ್ಹ. ಬಳಕೆಯಿಂದ ಮರೆಯಾದ ಱ ಮತ್ತು ೞ ಅಕ್ಷರಗಳನ್ನು ಅವರು ಉಳಿಸಿಕೊಂಡರು. ಇದರಿಂದ ಹಳಗನ್ನಡ ಓದುವವರಿಗೆ ಪದಗಳ ಮೂಲರೂಪ ತಿಳಿಯಲು ಅನುಕೂಲವಾಯಿತು.

ಒಂದು ಪದಕ್ಕೆ ಒಂದೇ ಅರ್ಥವನ್ನು ಕೊಟ್ಟು ಮುಗಿಸದೆ, ಅದು ಎಲ್ಲಿ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ತೋರಿಸುವುದೇ ಈ ನಿಘಂಟಿನ ಹೆಚ್ಚುಗಾರಿಕೆ. ಪಂಡಿತರ ಗ್ರಂಥಗಳ ಪದಕ್ಕೂ ಹಳ್ಳಿಯ ಗಾದೆಗೂ ಇಲ್ಲಿ ಸ್ಥಾನ ದೊರೆತಿದೆ. ಆದ್ದರಿಂದಲೇ ಕನ್ನಡ ಕಲಿಯುವ ಇಂಗ್ಲಿಷ್ ಬಲ್ಲವರಿಗೂ, ಕನ್ನಡ ಪದಕ್ಕೆ ತಕ್ಕ ಇಂಗ್ಲಿಷ್ ಪದ ಹುಡುಕುವ ಕನ್ನಡಿಗರಿಗೂ ಇದು ಸಮಾನವಾಗಿ ಉಪಯುಕ್ತವಾಗಿದೆ.

ಕೊನೆಯ ದಿನಗಳು ಮತ್ತು ಗೌರವ

1892ರಲ್ಲಿ ಕಿಟ್ಟೆಲ್ಲರು ಜರ್ಮನಿಗೆ ಹಿಂದಿರುಗಿ ಟ್ಯೂಬಿಂಗನ್ ನಗರದಲ್ಲಿ ನೆಲಸಿದರು. ಅಲ್ಲಿನ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ತಾಯ್ನಾಡಿಗೆ ಮರಳಿದ ಮೇಲೂ ಕನ್ನಡದ ಕೆಲಸವನ್ನು ಅವರು ಬಿಡಲಿಲ್ಲ. ಇಂಗ್ಲಿಷಿನಲ್ಲಿ ಬರೆದ ಅವರ ಕನ್ನಡ ವ್ಯಾಕರಣ ಗ್ರಂಥವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ನಿಧನರಾದರು.

ಮುಂದೆ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಿಘಂಟಿನ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾಲಯವು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆ ಪರಿಸರದಲ್ಲಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಗಿದೆ. ಹಳಗನ್ನಡ ಕಾವ್ಯ ಓದುವ ವಿದ್ಯಾರ್ಥಿಗಳೂ ಭಾಷಾಂತರಕಾರರೂ ಸಂಶೋಧಕರೂ ಅವರ ನಿಘಂಟನ್ನು ಇಂದಿಗೂ ಬಳಸುತ್ತಾರೆ.