ಹಸುರನ್ನು ಕನ್ನಡದಲ್ಲಿ ಕಲಿಸಿದ ಬಿ.ಜಿ.ಎಲ್. ಸ್ವಾಮಿ

ಡಿ.ವಿ. ಗುಂಡಪ್ಪನವರ ಮಗನಾಗಿ ಬೆಂಗಳೂರಿನಲ್ಲಿ ಹುಟ್ಟಿದ ಸ್ವಾಮಿಯವರು ತಂದೆಯ ಹೆಸರಿನ ನೆರಳಿನಲ್ಲಿ ನಿಲ್ಲದೆ ಗಿಡಮರಗಳ ದಾರಿ ಹಿಡಿದರು. ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪದವಿ ಪಡೆದರು.

ಮುಂದೆ ಅಮೆರಿಕದ ಹಾರ್ವರ್ಡ್‌ನಲ್ಲಿ ಪ್ರೊ. ಇರ್ವಿಂಗ್ ಬೈಲಿಯವರ ಬಳಿ ಸಂಶೋಧನೆ ನಡೆಸಿದರು. ಹೂವಿನಲ್ಲಿ ಬೀಜ ಹೊರುವ ಭಾಗವು ಆದಿಯಲ್ಲಿ ಉದ್ದಕ್ಕೆ ಮಡಚಿದ ಎಲೆಯಂತಿತ್ತೆಂದು ಗುರುಶಿಷ್ಯರು 1951ರಲ್ಲಿ ಪ್ರಕಟಿಸಿದ ಲೇಖನ ಜಗತ್ತಿನ ಸಸ್ಯವಿಜ್ಞಾನಿಗಳ ಗಮನ ಸೆಳೆಯಿತು. ಅವರೆಕಾಯಿ ಸುಲಿಯುವಾಗ ಸಿಪ್ಪೆ ಎಲೆಯಂತೆ ಬಿಚ್ಚಿಕೊಳ್ಳುವುದನ್ನು ನೆನೆದರೆ ಈ ಮಾತು ನಮಗೂ ತಿಳಿದೀತು.

ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ ದುಡಿದರು. ಊರು ಬಿಟ್ಟರೂ ಕನ್ನಡ ಬಿಡಲಿಲ್ಲ. ವಿದ್ಯಾರ್ಥಿಗಳೊಡನೆ ಪಶ್ಚಿಮಘಟ್ಟದ ಕಾಡು ಸುತ್ತಿದ ಅನುಭವವೇ ‘ಹಸುರು ಹೊನ್ನು’ ಆಯಿತು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ ಕಡಲಾಚೆಯಿಂದ ಬಂದ ಕಥೆಯನ್ನು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಲ್ಲಿ ನಗುನಗುತ್ತಾ ಹೇಳಿದರು. 1980ರ ನವೆಂಬರ್ 2ರಂದು ತೀರಿಕೊಂಡರು.

ಕನ್ನಡದಲ್ಲಿ ಓದಿದರೆ ಮುಂದೆ ವಿಜ್ಞಾನ ಕೈಗೆಟುಕೀತೇ ಎಂದು ಅಂಜುವ ಮಕ್ಕಳು, ಅಂಜುವ ತಾಯ್ತಂದೆಯರು ನಮ್ಮಲ್ಲಿ ಇಂದಿಗೂ ಇದ್ದಾರೆ. ಕಠಿಣ ವಿಷಯವನ್ನೂ ಮನೆಮಾತಿನಲ್ಲಿ ತಿಳಿಯಾಗಿ ಹೇಳಬಹುದೆಂದು ಸ್ವಾಮಿಯವರು ಬರೆದು ತೋರಿಸಿದ್ದಾರೆ. ರಾಜಾಜಿನಗರ, ವಿಜಯನಗರದ ಬೀದಿಯ ಹೊಂಗೆ ಮರದಡಿ ಉದುರಿದ ಒಂದು ಹೂವನ್ನು ಎತ್ತಿಕೊಂಡು ಬಿಡಿಸಿ ನೋಡಿದರೂ ಸಾಕು, ಅವರ ಪಾಠ ಅಲ್ಲಿಂದಲೇ ಶುರುವಾಗುತ್ತದೆ.